ಕಡಲ ತಳದ ಮೇರೆ

ದಂಡೆಯಲ್ಲಿ ನಿಂತು ನೋಡುವವರಿಗೆ ನೆಲವು ಅಲ್ಲಿಗೇ ಮುಗಿಯಿತೆಂದು ತೋರುತ್ತದೆ. ವಾಸ್ತವದಲ್ಲಿ ಅದು ನೀರಿನಡಿಯಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತ ಬಹುದೂರ ಸಾಗುತ್ತದೆ. ಭೂಗೋಳದ ಪಾಠಗಳಲ್ಲಿ ನಾವು ಇದನ್ನೇ ಖಂಡಾವರಣ ಪ್ರದೇಶವೆಂದು ಓದಿದ್ದೇವೆ. ಅದರ ಒಡಲಲ್ಲಿ ತೈಲವೂ ಅನಿಲವೂ ಇವೆಯೆಂದು ತಿಳಿದ ಮೇಲೆ, ಅದು ಯಾರ ಸೊತ್ತೆಂಬ ಪ್ರಶ್ನೆ ಎದ್ದಿತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ತಮ್ಮ ದೇಶದ ಪರವಾಗಿ ಈ ಹಕ್ಕನ್ನು ಸಾರಿದರು. 1958ರ ಜಿನೀವಾ ಒಡಂಬಡಿಕೆಯು ಅದನ್ನು ಎಲ್ಲ ಕರಾವಳಿ ರಾಷ್ಟ್ರಗಳಿಗೂ ಮಾನ್ಯ ಮಾಡಿತು.

ಆದರೆ ನೆರೆಹೊರೆಯ ರಾಷ್ಟ್ರಗಳ ನಡುವೆ ಮೇರೆಯನ್ನು ಗುರುತಿಸುವುದೆಂತು? ಪರಸ್ಪರ ಒಪ್ಪಂದವಾಗಲಿ ವಿಶೇಷ ಸನ್ನಿವೇಶವಾಗಲಿ ಇಲ್ಲದಿದ್ದಲ್ಲಿ, ಎರಡೂ ದಂಡೆಗಳಿಂದ ಸಮದೂರದಲ್ಲಿರುವ ರೇಖೆಯೇ ಗಡಿಯೆಂದು ಆ ಒಡಂಬಡಿಕೆಯ 6ನೆಯ ವಿಧಿ ಹೇಳಿತು. ಕೇಳುವುದಕ್ಕೆ ಇದು ನಿಷ್ಪಕ್ಷಪಾತವಾದ ಮಾತೇ ಸರಿ. ಆದರೂ ಉತ್ತರ ಸಮುದ್ರದಲ್ಲಿ ಈ ಸೂತ್ರವು ಪಶ್ಚಿಮ ಜರ್ಮನಿಗೆ ಮುಳುವಾಗುವಂತಿತ್ತು. ಅದರ ದಂಡೆ ಒಳಕ್ಕೆ ಬಾಗಿದೆ. ಒಂದು ಪಕ್ಕದಲ್ಲಿ ಡೆನ್ಮಾರ್ಕ್, ಇನ್ನೊಂದು ಪಕ್ಕದಲ್ಲಿ ನೆದರ್‌ಲ್ಯಾಂಡ್ಸ್. ಎರಡೂ ಕಡೆಯ ಸಮದೂರ ರೇಖೆಗಳು ಕಡಲಿನಲ್ಲಿ ಕೂಡಿಕೊಂಡು, ನಡುವಿನ ಜರ್ಮನಿಗೆ ಕಿರಿದಾದ ತ್ರಿಕೋನವನ್ನಷ್ಟೇ ಉಳಿಸುತ್ತಿದ್ದವು.

ವಿವಾದವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಮುಟ್ಟಿತು. 1969ರ ಫೆಬ್ರವರಿ 20ರಂದು 11-6 ಮತಗಳಿಂದ ತೀರ್ಪು ಹೊರಬಿದ್ದಿತು. ಜರ್ಮನಿಯು ಒಡಂಬಡಿಕೆಗೆ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿರಲಿಲ್ಲ. ಸಮದೂರದ ಸೂತ್ರವು ಎಲ್ಲರನ್ನೂ ಕಟ್ಟಿಹಾಕುವ ರೂಢಿಗತ ಕಾನೂನೂ ಆಗಿರಲಿಲ್ಲ. ಆದುದರಿಂದ ನ್ಯಾಯೋಚಿತ ತತ್ತ್ವಗಳಿಗೆ ಅನುಸಾರವಾಗಿ, ಪ್ರತಿಯೊಂದು ದೇಶದ ನೆಲದ ಸಹಜ ಮುಂದುವರಿಕೆಯು ಆದಷ್ಟು ಆಯಾ ದೇಶಕ್ಕೇ ಉಳಿಯುವಂತೆ, ಮಾತುಕತೆಯಿಂದ ಗಡಿಯನ್ನು ನಿರ್ಧರಿಸಿಕೊಳ್ಳಬೇಕೆಂದು ನ್ಯಾಯಾಲಯ ವಿಧಿಸಿತು. ನ್ಯಾಯವೆಂದರೆ ಸಮಪಾಲಲ್ಲವೆಂಬುದನ್ನೂ ಅದು ಸ್ಪಷ್ಟಪಡಿಸಿತು: ಕಡಲೇ ಇಲ್ಲದ ನಾಡಿಗೆ ಕಡಲ ತಳವನ್ನು ಕೊಡಲಾಗದು. 1971ರ ಒಪ್ಪಂದಗಳಿಂದ ಜರ್ಮನಿಯ ಭಾಗ ಹಿಗ್ಗಿತು.

1982ರ ಸಮುದ್ರ ಕಾನೂನಿನ ಒಡಂಬಡಿಕೆಯು ಸಾಮಾನ್ಯವಾಗಿ 200 ನಾವಿಕ ಮೈಲಿಗಳವರೆಗೆ ತಳದ ಹಕ್ಕನ್ನಿತ್ತಿತು. ನೆರೆಯವರ ನಡುವಣ ಗಡಿಗೆ ಮಾತ್ರ ನ್ಯಾಯೋಚಿತ ಪರಿಹಾರವನ್ನೇ ಗುರಿಯಾಗಿಸಿತು. ಒಳಬಾಗಿದ ದಂಡೆಯ ಪ್ರಶ್ನೆ ನಮ್ಮ ಬಂಗಾಳ ಕೊಲ್ಲಿಯಲ್ಲಿಯೂ ಎದ್ದಿತು. 2014ರ ಜುಲೈ 7ರಂದು ಪಂಚಾಯಿತಿ ಮಂಡಳಿಯು ಮೊದಲು ಸಮದೂರ ರೇಖೆಯನ್ನೆಳೆದು, ಬಳಿಕ ಬಾಂಗ್ಲಾದೇಶಕ್ಕೆ ಅನುಕೂಲವಾಗುವಂತೆ ಅದನ್ನು ಸರಿಪಡಿಸಿತು. ತನ್ನ ವಿರುದ್ಧ ಬಾಗಿದ ಆ ರೇಖೆಯನ್ನು ಭಾರತವು ಒಪ್ಪಿಕೊಂಡಿತು.

ಅಳತೆಗೋಲು ಎಲ್ಲರಿಗೂ ಒಂದೇ ಆಗಿದ್ದರೆ ಸಾಲದು. ಅಳೆಯುವ ನೆಲದ ಬಾಗು ಬಳುಕುಗಳನ್ನೂ ಕಣ್ಣಿಟ್ಟು ನೋಡಬೇಕು. ಗಡಿಯ ಬದಿಯಲ್ಲೇ ಬಾಳುವ ನಮಗೆ ಈ ಮಾತು ಬೇಗ ಅರ್ಥವಾದೀತು.