ಸಂಭೂಯಸಮುತ್ಥಾನ: ಒಡಂಬಡಿಕೆಯಲ್ಲಿ ಪಾಲೂ ಹೊಣೆಯೂ

ನಾಲ್ಕಾರು ಮಂದಿ ಒಟ್ಟುಗೂಡಿ ಒಂದು ವ್ಯಾಪಾರವನ್ನು ಕೈಕೊಳ್ಳುವಾಗ ಬರೆದುಕೊಳ್ಳುವ ಪತ್ರಗಳಲ್ಲಿ ಪಾಲಿನ ಲೆಕ್ಕವು ಕಾಸು ಬಿಡದಂತೆ ಬರೆಯಲ್ಪಟ್ಟಿರುತ್ತದೆ. ಕೆಲಸದ ಮಾತು ಮಾತ್ರ ಎಲ್ಲರೂ ಸೇರಿ ನಡೆಸತಕ್ಕದ್ದೆಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗಿರುವುದುಂಟು. ಯಾರು ಕೊಳ್ಳತಕ್ಕವರು, ಯಾರು ಮಾರತಕ್ಕವರು, ಲೆಕ್ಕವನ್ನು ಯಾರು ಹಿಡಿಯತಕ್ಕವರು, ಯಾವುದನ್ನು ಯಾರೂ ಮಾಡಕೂಡದು ಎಂಬಿವು ಹೇಳದೆಯೇ ಉಳಿಯುತ್ತವೆ. ಈ ಮೌನದ ಭಾರವು ಕೊನೆಗೆ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಎತ್ತಿಕೊಂಡು ವಿವೇಚಿಸಿದ್ದಾರೆ. ಅವರು ಅದಕ್ಕೆ ಇಟ್ಟ ಹೆಸರು ಸಂಭೂಯಸಮುತ್ಥಾನ. ಆ ಪ್ರಕರಣದ ತಾತ್ಪರ್ಯವನ್ನು ಸಂಗ್ರಹಿಸಿ, ಈಗ ನಡೆಯುತ್ತಿರುವ ೧೯೩೨ರ ಪಾಲುದಾರಿಕೆಯ ಶಾಸನದೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

೧. ಪದದ ಅರ್ಥ

ವ್ಯವಹಾರಪದಗಳು ಹದಿನೆಂಟೆಂದು ಪ್ರಸಿದ್ಧವಾಗಿದೆ. ಅವುಗಳಲ್ಲಿ ಸಂಭೂಯಸಮುತ್ಥಾನವು ಮನುವಿನ ಕ್ರಮದಲ್ಲಿ ನಾಲ್ಕನೆಯದು, ನಾರದನ ಕ್ರಮದಲ್ಲಿ ಮೂರನೆಯದು. 'ಸಂಭೂಯ' ಎಂದರೆ ಒಟ್ಟುಗೂಡಿ. 'ಸಮುತ್ಥಾನ' ಎಂದರೆ ಎದ್ದು ನಿಲ್ಲುವುದು, ಉದ್ಯಮಿಸುವುದು. ಈ ಹೆಸರಿನಲ್ಲಿ ಧನದ ಮಾತೂ ಇಲ್ಲ, ಪಾಲಿನ ಮಾತೂ ಇಲ್ಲ, ಇರುವುದು ಕ್ರಿಯೆಯೊಂದೇ. ನಾವು ಇಂದು ಆಡುವ 'ಪಾಲುಗಾರಿಕೆ', 'ಪಾಲುದಾರಿಕೆ' ಎಂಬ ಮಾತುಗಳಾದರೋ ಫಲವನ್ನು ಮುಂದಿಟ್ಟುಕೊಂಡು ಹುಟ್ಟಿದುವು. ಹೆಸರುಗಳಲ್ಲಿರುವ ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ.

೨. ಋತ್ವಿಜರಿಂದ ಆರಂಭವೇಕೆ?

ಈ ಪ್ರಕರಣವನ್ನು ಓದತೊಡಗಿದವರಿಗೆ ಮೊದಲು ಆಶ್ಚರ್ಯವಾಗುವುದೊಂದುಂಟು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವರ್ತಕರ ಪ್ರಸ್ತಾಪವೇ ಬರುವುದಿಲ್ಲ. ಬರುವವರು ಯಜ್ಞದಲ್ಲಿ ದಕ್ಷಿಣೆಯನ್ನು ಹಂಚಿಕೊಳ್ಳುವ ಋತ್ವಿಜರು. ಸೋಮಯಾಗದ ಹದಿನಾರು ಋತ್ವಿಜರಲ್ಲಿ ಹೋತೃ, ಅಧ್ವರ್ಯು, ಬ್ರಹ್ಮ, ಉದ್ಗಾತೃಗಳೆಂಬ ನಾಲ್ವರು ಮುಖ್ಯರು. ಮೈತ್ರಾವರುಣನೇ ಮೊದಲಾದ ನಾಲ್ವರು ಅರ್ಧಿಗಳು. ಅಚ್ಛಾವಾಕನೇ ಮೊದಲಾದ ನಾಲ್ವರು ತೃತೀಯಿಗಳು. ಗ್ರಾವಸ್ತುತನೇ ಮೊದಲಾದ ನಾಲ್ವರು ಪಾದಿಗಳು. ದಕ್ಷಿಣೆಯು ನೂರು ಗೋವುಗಳೆಂದಿಟ್ಟುಕೊಂಡರೆ ಮುಖ್ಯರಿಗೆ ತಲಾ ೧೨, ಅರ್ಧಿಗಳಿಗೆ ತಲಾ ೬, ತೃತೀಯಿಗಳಿಗೆ ತಲಾ ೪, ಪಾದಿಗಳಿಗೆ ತಲಾ ೩. ವರ್ಗವರ್ಗವಾಗಿ ೪೮, ೨೪, ೧೬, ೧೨, ಕೂಡಿದರೆ ನೂರು. ಒಟ್ಟುಗೂಡಿ ತಮ್ಮ ತಮ್ಮ ಕೆಲಸಗಳನ್ನು ಮಾಡುವ ಮನುಷ್ಯರೆಲ್ಲರಿಗೂ ಇದೇ ಕ್ರಮದಿಂದ ಅಂಶವನ್ನು ಕಲ್ಪಿಸಬೇಕೆಂದು ಹೇಳಿ ಮನು ಪ್ರಕರಣವನ್ನು ಮುಗಿಸುತ್ತಾನೆ.

ಯಜ್ಞದ ದೃಷ್ಟಾಂತದಿಂದ ವ್ಯಾಪಾರಕ್ಕೆ ವಿಧಿಯನ್ನು ಹೇಳುವುದು ಯುಕ್ತವೇ ಎಂಬ ಶಂಕೆ ಇಲ್ಲಿ ಹುಟ್ಟಬಹುದು. ಸಮಾಧಾನವೇನೆಂದರೆ: ಕೂಡಿ ಮಾಡುವ ಕೆಲಸಗಳಲ್ಲಿ ಒಬ್ಬೊಬ್ಬನ ಕರ್ತವ್ಯವು ಎಳ್ಳಷ್ಟೂ ಸಂದೇಹಕ್ಕೆ ಎಡೆಯಿಲ್ಲದಂತೆ ಮೊದಲೇ ಗೊತ್ತಾಗಿರುವುದು ಯಜ್ಞದಲ್ಲಿಯೇ. ಹೋತೃವಿನ ಶಸ್ತ್ರವನ್ನು ಉದ್ಗಾತೃ ಹೇಳಲಾರನು. ಅಧ್ವರ್ಯುವಿನ ಆಹುತಿಯನ್ನು ಹೋತೃ ಕೊಡಲಾರನು. ಕೆಲಸವು ನಿಯತವಾದುದರಿಂದಲೇ ಅಂಶವೂ ನಿಯತವಾಯಿತು. ಯಜ್ಞದ ನಡುವೆ ತನ್ನ ಕೆಲಸವನ್ನು ಬಿಟ್ಟವನಿಗೆ ಮಾಡಿದಷ್ಟಕ್ಕೆ ತಕ್ಕ ಅಂಶವೆಂದೂ, ದಕ್ಷಿಣೆ ಕೊಟ್ಟಾದ ಮೇಲೆ ಬಿಟ್ಟವನು ಪೂರ್ಣಾಂಶವನ್ನು ಇಟ್ಟುಕೊಂಡು ಉಳಿದುದನ್ನು ಬೇರೊಬ್ಬನಿಂದ ಮಾಡಿಸತಕ್ಕದ್ದೆಂದೂ ಮನು ಹೇಳುವುದಕ್ಕೆ ಸಾಧ್ಯವಾದುದೂ ಇದರಿಂದಲೇ. 'ಮಾಡಿದಷ್ಟು' ಎಂಬುದನ್ನು ಅಳೆಯಬೇಕಾದರೆ 'ಮಾಡಬೇಕಾದಷ್ಟು' ಮೊದಲು ತಿಳಿದಿರಬೇಕಲ್ಲವೆ?

೩. ನಾರದನ ಪಟ್ಟಿ

ವರ್ತಕರನ್ನು ಮುಂದಿಟ್ಟುಕೊಂಡು ಈ ಪದವನ್ನು ಲಕ್ಷಣೀಕರಿಸಿದವನು ನಾರದ. ಅವನ ಮತದಲ್ಲಿ ಕೂಟದ ಆಧಾರವು 'ಪ್ರಕ್ಷೇಪ', ಎಂದರೆ ಒಬ್ಬೊಬ್ಬನು ಹಾಕಿದ ಮೂಲಧನ. ಅಂಶವು ಸಮವಾಗಿರಲಿ, ಹೆಚ್ಚಾಗಿರಲಿ, ಕಡಿಮೆಯಾಗಿರಲಿ, ನಷ್ಟವೂ ವೆಚ್ಚವೂ ವೃದ್ಧಿಯೂ ಅದೇ ಪ್ರಮಾಣದಲ್ಲಿ ಬರತಕ್ಕುವು. ಇಷ್ಟನ್ನು ಹೇಳಿ ಕೂಡಲೇ ಅವನು ಕೆಲಸಗಳ ಪಟ್ಟಿಯೊಂದನ್ನು ಕೊಡುತ್ತಾನೆ: ಭಾಂಡ, ಪಿಂಡ, ವ್ಯಯ, ಉದ್ಧಾರ, ಭಾರ, ಸಾರ, ಅನ್ವವೇಕ್ಷಣ. ಭಾಂಡವೆಂದರೆ ಕ್ರಯವಿಕ್ರಯದ ಸರಕು, ಪಿಂಡವೆಂದರೆ ದಾರಿಯ ಬುತ್ತಿ, ವ್ಯಯವು ವೆಚ್ಚ, ಉದ್ಧಾರವು ಪ್ರಯೋಜನವಿಶೇಷಕ್ಕಾಗಿ ಮೂಲದಿಂದ ತೆಗೆಯುವ ಧನ, ಭಾರವು ಹೊರೆ, ಸಾರವು ಚಂದನಾದಿಗಳಾದ ಬೆಲೆಯುಳ್ಳ ವಸ್ತು, ಅನ್ವವೇಕ್ಷಣವು ಮೇಲ್ವಿಚಾರಣೆ.

ಈ ಏಳು ಮಾತುಗಳು ಮೂಲದಲ್ಲಿ ಒಂದೇ ಸಮಾಸವಾಗಿವೆ. ಇದನ್ನು ದ್ವಂದ್ವವೆಂದು ತಿಳಿದರೆ ಏಳು ಬಗೆಯ ಕೆಲಸಗಳಾಗುತ್ತವೆ. ಷಷ್ಠೀತತ್ಪುರುಷವೆಂದು ತಿಳಿದರೆ ಮೊದಲಿನ ಆರು ವಿಷಯಗಳಾಗಿ, ಅವುಗಳ ಮೇಲ್ವಿಚಾರಣೆಯೊಂದೇ ಕೆಲಸವಾಗುತ್ತದೆ. ವಾಕ್ಯದ ಕ್ರಿಯಾಪದಕ್ಕೆ 'ಮಾಡತಕ್ಕದ್ದು' ಎಂಬರ್ಥವಿರುವುದರಿಂದ ಎರಡನೆಯ ಅನ್ವಯವು ಹೆಚ್ಚು ಸುಗಮವೆಂದು ನನಗೆ ತೋರುತ್ತದೆ: ಸರಕನ್ನಾಗಲಿ ಹೊರೆಯನ್ನಾಗಲಿ ಯಾರೂ 'ಮಾಡುವುದಿಲ್ಲ', ಅವುಗಳ ಅವೇಕ್ಷಣವನ್ನು ಮಾಡುತ್ತಾರೆ. ಹಾಗಾದರೆ ಫಲಿತಾರ್ಥವು ಇದು: ಕೂಟದಲ್ಲಿ ಸೇರಿದವನು ಧನವನ್ನು ಹಾಕಿ ಮನೆಯಲ್ಲಿ ಕೂರತಕ್ಕವನಲ್ಲ, ಕಣ್ಣಿಟ್ಟು ನೋಡುವ ಹೊಣೆ ಸರ್ವರಿಗೂ ಉಂಟು. ಈ ಅವೇಕ್ಷಣವು 'ಸಮಯ'ದಿಂದ, ಎಂದರೆ ಪರಸ್ಪರ ಒಡಂಬಡಿಕೆಯಿಂದ, ವ್ಯವಸ್ಥಿತವಾಗಿರಬೇಕೆಂಬುದೂ ನಾರದನ ಮಾತಿನಲ್ಲಿಯೇ ಸೇರಿದೆ. ಕೆಲಸದ ಹಂಚಿಕೆಯನ್ನು ಸ್ಮೃತಿಯು ತಾನೇ ಮಾಡಿಕೊಡಲಿಲ್ಲ. ಅದನ್ನು ಒಡಂಬಡಿಕೆಗೆ ಬಿಟ್ಟಿತು.

೪. ಆದಿಷ್ಟ, ಪ್ರತಿಷಿದ್ಧ, ಅನಾದಿಷ್ಟ

ಯಾಜ್ಞವಲ್ಕ್ಯನು ಇದನ್ನೇ ಇನ್ನೂ ಬಿಗಿಯಾಗಿ ಹೇಳಿದ್ದಾನೆ. ಲಾಭನಷ್ಟಗಳು ಹಾಕಿದ ದ್ರವ್ಯಕ್ಕನುಸಾರವಾಗಿ ಆಗಬೇಕು. ಇಲ್ಲವೆ 'ಸಂವಿದ್' ಹೇಗೋ ಹಾಗೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿಯೇ ಇದ್ದು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸಂವಿದ್ ಎಂಬುದಕ್ಕೆ ಕೊಡುವ ವಿವರಣೆ ಗಮನಾರ್ಹವಾದುದು: ಯಾರು ಪ್ರಧಾನರು, ಯಾರು ಗೌಣರು ಎಂಬುದನ್ನು ಪರ್ಯಾಲೋಚಿಸಿ, ಇವನಿಗೆ ಎರಡು ಭಾಗ, ಇವನಿಗೆ ಒಂದು ಎಂದು ಮಾಡಿಕೊಂಡ ಕಟ್ಟು. ಎಂದರೆ ಪಾಲನ್ನು ನಿಶ್ಚಯಿಸುವ ಒಡಂಬಡಿಕೆಯ ಹಿಂದೆ ಪುರುಷನ ಕೆಲಸದ ವಿಚಾರವಿದೆ, ಬರಿಯ ಅಂಕಿಯಲ್ಲ.

ಮುಂದಿನ ವಿಧಿಯು ಈ ಪ್ರಕರಣದ ಹೃದಯವೆನ್ನಬಹುದು. ಪ್ರತಿಷಿದ್ಧವಾದುದನ್ನು ಮಾಡಿಯೋ, ಅನಾದಿಷ್ಟವಾದುದನ್ನು ಮಾಡಿಯೋ, ಎಚ್ಚರತಪ್ಪಿಯೋ ಒಬ್ಬನು ಸರಕನ್ನು ಕೆಡಿಸಿದರೆ ಅವನೊಬ್ಬನೇ ಅದನ್ನು ತುಂಬಿಕೊಡಬೇಕು. ರಾಜ, ಚೋರ, ದೈವಗಳಿಂದ ವಿಪತ್ತು ಬಂದಾಗ ಕಾಪಾಡಿದವನಿಗೆ ಕಾಪಾಡಿದುದರಲ್ಲಿ ಹತ್ತನೆಯ ಒಂದು ಅಂಶ. ಇಲ್ಲಿ 'ಪ್ರತಿಷಿದ್ಧ', 'ಅನಾದಿಷ್ಟ' ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಿರುವುದನ್ನು ನೋಡಬೇಕು. ಬೇಡವೆಂದುದು ಪ್ರತಿಷಿದ್ಧ, ಮಾಡೆಂದು ಹೇಳದೆ ಇರುವುದು ಅನಾದಿಷ್ಟ. ಆದುದರಿಂದ ಕೂಟದ ಕೆಲಸಗಳು ಮೂರು ರಾಶಿಯಾದುವು: ಮಾಡೆಂದುದು, ಬೇಡವೆಂದುದು, ಏನೂ ಹೇಳದಿರುವುದು. ಮೊದಲನೆಯದರ ನಷ್ಟ ಎಲ್ಲರದು. ಉಳಿದೆರಡರ ನಷ್ಟ ಮಾಡಿದವನದು.

ಇದರ ಪರಿಣಾಮವನ್ನು ಒಂದು ಕಲ್ಪಿತ ನಿದರ್ಶನದಿಂದ ವಿಶದಪಡಿಸುತ್ತೇನೆ. ಮೂವರು ವರ್ತಕರು ೫೦೦, ೩೦೦, ೨೦೦ ವರಹಗಳನ್ನು ಹಾಕಿ ಮೆಣಸನ್ನು ಕೊಂಡರೆನ್ನೋಣ. ಮಾರುವುದಕ್ಕೆ ಹೋದವನು ೨೦೦ ಹಾಕಿದವನು. ಬೆಲೆ ಇಳಿಯುವುದನ್ನು ಕಂಡು, ಯಾರನ್ನೂ ಕೇಳದೆ, ಮೆಣಸನ್ನು ಕೊಟ್ಟು ಬದಲಿಗೆ ಬಟ್ಟೆಯನ್ನು ಕೊಂಡನು. ಬಟ್ಟೆಯಲ್ಲಿ ೧೦೦ ವರಹ ನಷ್ಟವಾಯಿತು. ಸರಕನ್ನು ಬದಲಾಯಿಸುವ ಅಧಿಕಾರವು ಪತ್ರದಲ್ಲಿ ಬರೆದಿದ್ದರೆ ನಷ್ಟವು ೫೦, ೩೦, ೨೦ ಆಗಿ ಹಂಚುತ್ತಿತ್ತು. ಬರೆಯದಿದ್ದರೆ ೧೦೦ನ್ನೂ ಅವನೇ ಕೊಡಬೇಕು. ಮನೆಯಲ್ಲಿದ್ದ ಇಬ್ಬರಿಗೆ ಏನೂ ಇಲ್ಲ. ಪತ್ರದ ಮೌನವು ಕೆಲಸ ಮಾಡಿದವನನ್ನೇ ಕೆಡಿಸಿತು. ಆದಕಾರಣ ಕರ್ತವ್ಯಗಳನ್ನು ವಿವರವಾಗಿ ಬರೆಸಿಕೊಳ್ಳುವುದು ಅಪನಂಬಿಕೆಯ ಗುರುತಲ್ಲ. ದುಡಿಯುವ ಪಾಲುಗಾರನಿಗೆ ಅದೇ ಕವಚ.

ಇದೇ ಪ್ರಕರಣದ ಕೊನೆಯಲ್ಲಿ ಯಾಜ್ಞವಲ್ಕ್ಯನು ವಂಚಕನನ್ನು ಲಾಭವಿಲ್ಲದೆ ಹೊರಹಾಕಬೇಕೆಂದೂ, ಅಶಕ್ತನು ತನ್ನ ಕೆಲಸವನ್ನು ಬೇರೊಬ್ಬನಿಂದ ಮಾಡಿಸಬೇಕೆಂದೂ, ಋತ್ವಿಜರು, ಕೃಷಿಕರು, ಶಿಲ್ಪಿಗಳೇ ಮೊದಲಾದ ಕೆಲಸಗಾರರು ಇವರಿಗೂ ಇದೇ ವಿಧಿಯೆಂದೂ ಹೇಳುತ್ತಾನೆ. ಅಶಕ್ತನ ಕೆಲಸವೆಂದರೆ ಸರಕಿನ ಮೇಲ್ವಿಚಾರಣೆ, ಹೊರೆ ಸಾಗಿಸುವುದು, ಆಯವ್ಯಯಪರೀಕ್ಷೆ ಮೊದಲಾದುವೆಂದು ಮಿತಾಕ್ಷರೆಯ ವಿವರಣೆ. ನಾರದನ ಪಟ್ಟಿಯ ನೆರಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

೫. ಕೌಟಿಲ್ಯ, ಬೃಹಸ್ಪತಿ, ಕಾತ್ಯಾಯನರು

೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಮೊದಲು ಅಚ್ಚಾದ ಅರ್ಥಶಾಸ್ತ್ರದಲ್ಲಿ ಈ ವಿಷಯವು ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ, ಕೂಲಿಯಾಳುಗಳ ಪ್ರಕರಣದ ಜೊತೆಯಲ್ಲಿ ಬರುತ್ತದೆ. ಕೌಟಿಲ್ಯನ ದೃಷ್ಟಿ ದುಡಿಮೆಯ ಮೇಲೆ. ಕೂಡಿ ಕೆಲಸ ಮಾಡುವವರು ಮಾತಾಡಿಕೊಂಡಂತೆ ವೇತನವನ್ನು ಹಂಚಿಕೊಳ್ಳಬೇಕು, ಮಾತಿಲ್ಲದಿದ್ದರೆ ಸಮವಾಗಿ. ಆರಂಭಕ್ಕೂ ಮುಕ್ತಾಯಕ್ಕೂ ನಡುವೆ ಕುಸಿದವನಿಗೆ ಮಾಡಿದಷ್ಟರ ಅಂಶ. ಬದಲಿ ಆಳನ್ನು ನಿಲ್ಲಿಸಿದರೆ ಪೂರ್ಣಾಂಶ. ಮೈಯಲ್ಲಿ ಬಲವಿದ್ದೂ ಕೆಲಸ ತೊಡಗಿದ ಮೇಲೆ ಬಿಟ್ಟುಹೋದವನಿಗೆ ೧೨ ಪಣ ದಂಡ.

ಬೃಹಸ್ಪತಿ, ಕಾತ್ಯಾಯನರ ಸ್ಮೃತಿಗಳು ಸಮಗ್ರವಾಗಿ ಉಳಿದಿಲ್ಲ. ಸ್ಮೃತಿಚಂದ್ರಿಕೆಯೇ ಮೊದಲಾದ ನಿಬಂಧಗಳಲ್ಲಿ ಉದ್ಧೃತವಾದ ವಚನಗಳಿಂದ ಕೂಡಿಸಲ್ಪಟ್ಟಿವೆ. ಕಾತ್ಯಾಯನನ ವಚನಗಳನ್ನು ೧೯೩೩ರಲ್ಲಿ ಪಾಂಡುರಂಗ ವಾಮನ ಕಾಣೆಯವರೂ, ಬೃಹಸ್ಪತಿಯವನ್ನು ೧೯೪೧ರಲ್ಲಿ ಕೆ. ವಿ. ರಂಗಸ್ವಾಮಿ ಅಯ್ಯಂಗಾರ್ಯರೂ ಸಂಕಲಿಸಿ ಪ್ರಕಟಿಸಿದರು. ಕೂಟಕ್ಕೆ ಯಾರನ್ನು ಸೇರಿಸಬೇಕೆಂಬುದನ್ನು ಬೃಹಸ್ಪತಿಯು ಹೇಳಿದ್ದಾನೆ: ಕುಲೀನ, ದಕ್ಷ, ಸೋಮಾರಿಯಲ್ಲದವ, ಪ್ರಾಜ್ಞ, ನಾಣ್ಯವನ್ನು ಬಲ್ಲವ, ಆಯವ್ಯಯವನ್ನು ಬಲ್ಲವ, ಶುಚಿ, ಶೂರ. ಇವು ಬರಿಯ ಗುಣವರ್ಣನೆಯಲ್ಲ. ನಾಣ್ಯವನ್ನು ಬಲ್ಲವನಿಗೆ ಹಣದ ಕೆಲಸ, ಆಯವ್ಯಯವನ್ನು ಬಲ್ಲವನಿಗೆ ಲೆಕ್ಕ, ಶೂರನಿಗೆ ದಾರಿಯ ಕಾವಲು ಎಂದು ಒಂದೊಂದು ಗುಣದ ಹಿಂದೆ ಒಂದೊಂದು ಕೆಲಸವನ್ನು ಊಹಿಸಬಹುದು.

ಬಹುಮಂದಿಗೆ ಸಮ್ಮತನಾದ ಒಬ್ಬನು ಧನವನ್ನು ಕೊಟ್ಟರೆ ಅಥವಾ ಪತ್ರವನ್ನು ಬರೆಯಿಸಿದರೆ ಅದು ಎಲ್ಲರೂ ಮಾಡಿದಂತೆಯೇ ಎಂಬುದೂ ಬೃಹಸ್ಪತಿಯ ಮತ. ಸಂದೇಹ ಬಂದಾಗ, ದ್ವೇಷವಿಲ್ಲದ ಪಕ್ಷದಲ್ಲಿ, ಕೂಟದವರೇ ಒಬ್ಬರಿಗೊಬ್ಬರು ಪರೀಕ್ಷಕರೂ ಸಾಕ್ಷಿಗಳೂ ಆಗತಕ್ಕವರು. ಶಿಲ್ಪಿಗಳ ಕೂಟದಲ್ಲಿ ಕಲಿಯುವವ, ಬಲ್ಲವ, ಕುಶಲ, ಆಚಾರ್ಯ ಎಂಬ ನಾಲ್ವರಿಗೆ ಕ್ರಮವಾಗಿ ೧, ೨, ೩, ೪ ಭಾಗಗಳೆಂದು ಕಾತ್ಯಾಯನನೂ, ಗಾಯಕರ ಮೇಳದಲ್ಲಿ ತಾಳವನ್ನು ಬಲ್ಲವನಿಗೆ ಒಂದೂವರೆ ಭಾಗ, ಹಾಡುವವರಿಗೆ ಸಮಭಾಗವೆಂದು ಬೃಹಸ್ಪತಿಯೂ ಹೇಳುತ್ತಾರೆ. ಎಲ್ಲಿ ನೋಡಿದರೂ ಪಾಲು ಕೆಲಸದ ಹಿಂದೆ ಬರುತ್ತದೆ.

೬. ಈಗಿನ ಶಾಸನ

ಭಾರತದಲ್ಲಿ ಪಾಲುದಾರಿಕೆಯ ನಿಯಮಗಳು ಮೊದಲು ೧೮೭೨ರ ಕರಾರು ಶಾಸನದ ಹನ್ನೊಂದನೆಯ ಅಧ್ಯಾಯದಲ್ಲಿದ್ದುವು. ಅದನ್ನು ತೆಗೆದು ೧೯೩೨ರಲ್ಲಿ ಪ್ರತ್ಯೇಕ ಶಾಸನವನ್ನು ಮಾಡಲಾಯಿತು. ಅದರ ನಾಲ್ಕನೆಯ ವಿಧಿಯಲ್ಲಿ ಪಾಲುದಾರಿಕೆಯೆಂದರೆ, ಎಲ್ಲರೂ ಅಥವಾ ಎಲ್ಲರ ಪರವಾಗಿ ಕೆಲವರು ನಡೆಸುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧ. ಎರಡು ಪದ್ಧತಿಗಳಲ್ಲಿಯೂ ಒಡಂಬಡಿಕೆಯೇ ಮುಖ್ಯ. ಶಾಸ್ತ್ರವು ಮಾತನಾಡುವುದು ಹೆಚ್ಚಾಗಿ ಪತ್ರವು ಮೌನವಾಗಿರುವಲ್ಲಿ. ಆ ಮೌನದ ಫಲದಲ್ಲಿ ಮಾತ್ರ ಭೇದವುಂಟು.

ಮೊದಲನೆಯದು ಪಾಲಿನ ವಿಷಯ. ಪತ್ರದಲ್ಲಿ ಹೇಳದಿದ್ದರೆ ಯಾಜ್ಞವಲ್ಕ್ಯನಲ್ಲಿ ದ್ರವ್ಯಾನುಸಾರ. ೧೯೩೨ರ ಶಾಸನದ ೧೩ನೆಯ ವಿಧಿಯಲ್ಲಿ ಸಮಭಾಗ. ಹಿಂದಿನ ನಿದರ್ಶನದಲ್ಲಿ ೧೦೦ ವರಹ ಲಾಭ ಬಂದಿದ್ದರೆ ಸ್ಮೃತಿಯಂತೆ ೫೦, ೩೦, ೨೦. ಈಗಿನ ಶಾಸನದಂತೆ ಮೂವರಿಗೂ ಮೂರನೆಯ ಒಂದು. ಈ ಅಂಶದಲ್ಲಿ ಈಗಿನ ಶಾಸನವು ಕೌಟಿಲ್ಯನ ಸಮವಿಭಾಗಕ್ಕೆ ಸಮೀಪವಾಗಿದೆ.

ಎರಡನೆಯದು ಅಧಿಕಾರದ ವಿಷಯ. ಈಗಿನ ಶಾಸನದಲ್ಲಿ ಪ್ರತಿಯೊಬ್ಬ ಪಾಲುದಾರನೂ ಕೂಟದ ಪ್ರತಿನಿಧಿ. ವಾಡಿಕೆಯ ವ್ಯಾಪಾರದಲ್ಲಿ ಅವನು ಮಾಡಿದುದು ಎಲ್ಲರನ್ನೂ ಕಟ್ಟುತ್ತದೆ. ವ್ಯಾಜ್ಯವನ್ನು ಪಂಚಾಯಿತಿಗೆ ಒಪ್ಪಿಸುವುದು, ಸ್ಥಿರಾಸ್ತಿಯನ್ನು ಕೊಳ್ಳುವುದು ಮೊದಲಾದ ಎಂಟು ಕಾರ್ಯಗಳನ್ನು ಮಾತ್ರ ೧೯ನೆಯ ವಿಧಿಯು ಹೊರಗಿಟ್ಟಿದೆ. ೨೫ನೆಯ ವಿಧಿಯಂತೆ ಕೂಟದ ಋಣಕ್ಕೆ ಎಲ್ಲರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಸ್ಮೃತಿಯಲ್ಲಿ ಹೇಳದೆ ಉಳಿದುದು ಅನಾದಿಷ್ಟವಾಗಿ ಮಾಡಿದವನ ತಲೆಗೆ ಬಂದರೆ, ಇಲ್ಲಿ ಹೇಳದೆ ಉಳಿದುದು ಅನುಮತವಾಗಿ ಉಳಿದವರ ತಲೆಗೆ ಬರುತ್ತದೆ.

ಈಗಿನ ವಿಧಿಯು ಹೊರಗಿನವರ ವಿಷಯ, ಸ್ಮೃತಿಯದು ಒಳಗಿನವರ ವಿಷಯ, ಹೋಲಿಕೆ ಹೇಗೆ ಸರಿಯಾದೀತೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಪತ್ರ ಬರೆಯಿಸುವವನನ್ನು ಕುರಿತ ಬೃಹಸ್ಪತಿಯ ಮಾತು ಹೊರಗಿನವರಿಗೂ ತಾಕತಕ್ಕುದೇ. ಅಲ್ಲಿಯೂ ಅಧಿಕಾರಕ್ಕೆ ಮೂಲವು ಬಹುಮಂದಿಯ ಸಮ್ಮತಿಯೇ ಹೊರತು ಪಾಲುದಾರನೆಂಬ ಹೆಸರಲ್ಲ.

ಮೂರನೆಯದು ಮರಣದ ವಿಷಯ. ೪೨ನೆಯ ವಿಧಿಯಂತೆ, ಬೇರೆ ಕರಾರಿಲ್ಲದಿದ್ದರೆ, ಒಬ್ಬನ ಮರಣದಿಂದ ಕೂಟವೇ ಮುರಿಯುತ್ತದೆ. ಯಾಜ್ಞವಲ್ಕ್ಯನು ಕೂಟ ಮುರಿಯುವ ಮಾತನ್ನೆತ್ತದೆ, ದೇಶಾಂತರದಲ್ಲಿ ಸತ್ತವನ ದ್ರವ್ಯವು ಯಾರಿಗೆ ಸೇರಬೇಕೆಂಬುದನ್ನು ಮಾತ್ರ ನಿಶ್ಚಯಿಸುತ್ತಾನೆ: ದಾಯಾದರು, ಬಾಂಧವರು, ಜ್ಞಾತಿಗಳು, ಹಿಂದಿರುಗಿ ಬಂದ ಜೊತೆಗಾರರು, ಇವರಾರೂ ಇಲ್ಲದಿದ್ದರೆ ರಾಜ.

೭. ಉಪಸಂಹಾರ

ಈ ವಿಚಾರದಿಂದ ಪತ್ರ ಬರೆಯುವವರಿಗೂ ಬರೆಯಿಸುವವರಿಗೂ ಐದು ಅಂಶಗಳು ಸಿದ್ಧವಾಗುತ್ತವೆ: ಪ್ರಕ್ಷೇಪ, ಎಂದರೆ ಒಬ್ಬೊಬ್ಬನು ಹಾಕುವುದೇನು, ಕರ್ಮ, ಅವನು ಮಾಡಬೇಕಾದುದೇನು, ನಿಷೇಧ, ಕೇಳದೆ ಮಾಡಕೂಡದುದೇನು, ಅಂಶ, ಅವನಿಗೆ ಸಲ್ಲುವುದೇನು, ಪರ್ಯವಸಾನ, ಅಶಕ್ತನಾದರೆ, ಬಿಟ್ಟುಹೋದರೆ, ಸತ್ತರೆ ನಡೆಯಬೇಕಾದುದೇನು. ಇವುಗಳಲ್ಲಿ ಅಂಶವನ್ನು ನಾಲ್ಕನೆಯದಾಗಿ ಇಟ್ಟಿರುವುದು ಬೇಕೆಂದೇ. ಮೊದಲ ಮೂರು ನಿಶ್ಚಿತವಾದ ಮೇಲೆಯೇ ಅದನ್ನು ನ್ಯಾಯವಾಗಿ ಅಳೆಯಬಹುದು.

ಅಧ್ಯಾಪಕರಿಗೂ ಒಂದು ವಿಜ್ಞಾಪನೆಯುಂಟು. ಸಂಭೂಯಸಮುತ್ಥಾನವನ್ನು ಪಾಠ ಹೇಳುವಾಗ 'ಪಾಲುಗಾರಿಕೆ' ಎಂಬ ಒಂದು ಮಾತಿನಿಂದ ಅರ್ಥ ಹೇಳಿ ಮುಗಿಸಿದರೆ ಶಾಸ್ತ್ರದ ಅರ್ಧವು ಬಿಟ್ಟುಹೋಗುತ್ತದೆ. 'ಕೂಡಿ ದುಡಿಯುವಿಕೆ' ಎಂದರೆ ಮೂಲಕ್ಕೆ ಹತ್ತಿರವಾದೀತು. ಪಾಲು ಆ ದುಡಿಮೆಯ ಫಲ, ಅದರ ಲಕ್ಷಣವಲ್ಲ.