ಎತ್ತರದ ಗಾಜಿನ ಶುಚೀಕರಣ: ಬ್ರಷ್ ಮತ್ತು ನೀರಿನ ಜೆಟ್‌ಗಳ ಆಯ್ಕೆ

ಒಂದು ಕಾಲಕ್ಕೆ ಮಹಾನಗರಗಳಿಗಷ್ಟೇ ಸೀಮಿತವಾಗಿದ್ದ ಗಾಜಿನ ಮುಂಭಾಗದ ಕಟ್ಟಡಗಳು ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿಯ ಮುಖ್ಯರಸ್ತೆಗಳಲ್ಲಿ ಬಟ್ಟೆ ಅಂಗಡಿ, ಆಸ್ಪತ್ರೆ, ಬ್ಯಾಂಕ್ ಶಾಖೆ, ವಸತಿಗೃಹಗಳು ಎರಡು ಮೂರು ಅಂತಸ್ತಿನವರೆಗೆ ಗಾಜನ್ನು ಹೊದ್ದು ನಿಂತಿರುವುದನ್ನು ಕಾಣುತ್ತೇವೆ. ಅದೇ ಕಟ್ಟಡಗಳ ತಾರಸಿಯ ಮೇಲೆ ಸೌರಫಲಕಗಳೂ ಏರುತ್ತಿವೆ. ಗಾಜು ಬಂದಂತೆ ಅದನ್ನು ತೊಳೆಯುವ ಸಮಸ್ಯೆಯೂ ಬಂದಿದೆ. ಕೆಂಪು ಮಣ್ಣಿನ ಧೂಳು, ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಟ್ಟು, ಉಚ್ಚಂಗಿದುರ್ಗ ಮತ್ತು ಕೊಟ್ಟೂರಿನ ಜಾತ್ರೆಗಳ ದಿನಗಳಲ್ಲಿ ವಾಹನಗಳೆಬ್ಬಿಸುವ ಧೂಳು, ಇವೆಲ್ಲವೂ ಕೊನೆಗೆ ಗಾಜಿನ ಮೇಲೆಯೇ ಕೂರುತ್ತವೆ.

ಇಂದಿಗೂ ಬಹುತೇಕ ಕಡೆ ಏಣಿ, ಬಕೆಟ್ ಮತ್ತು ಬಟ್ಟೆಯೇ ಈ ಕೆಲಸದ ಸಾಧನಗಳು. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಕಾರ್ಮಿಕನು ಕಾಲು ಜಾರಿದರೆ ಆಗುವ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತುಂಬಿಕೊಡಲಾರದು. ಇದಕ್ಕೆ ಪರ್ಯಾಯವಾಗಿ ಬಂದಿರುವುದೇ ‘ವಾಟರ್-ಫೆಡ್ ಪೋಲ್’, ಅಂದರೆ ನೀರುಣಿಸುವ ಕೋಲು. ಹಗುರವಾದ ಉದ್ದನೆಯ ಕೋಲಿನ ತುದಿಯಲ್ಲಿ ಬ್ರಷ್, ಬ್ರಷ್ಷಿನಲ್ಲಿ ನೀರು ಚಿಮ್ಮಿಸುವ ಜೆಟ್‌ಗಳು, ಕೆಳಗೆ ಸಣ್ಣ ಪಂಪು; ಕಾರ್ಮಿಕನು ನೆಲದ ಮೇಲೆ ನಿಂತೇ ಕೆಲಸ ಮಾಡುತ್ತಾನೆ. ಎತ್ತರದಲ್ಲಿ ಮಾಡುವ ಕೆಲಸವನ್ನು ಸಾಧ್ಯವಿದ್ದಲ್ಲೆಲ್ಲ ತಪ್ಪಿಸಬೇಕೆಂದು ಬ್ರಿಟನ್ನಿನಲ್ಲಿ 2005ರ ನಿಯಮಾವಳಿ ವಿಧಿಸಿದ ಮೇಲೆ ಅಲ್ಲಿ ಈ ವಿಧಾನಕ್ಕೆ ವಿಶೇಷ ಒತ್ತು ದೊರೆಯಿತು.

ಈ ಉಪಕರಣವನ್ನು ಕೊಳ್ಳಬಯಸುವ ಸದಸ್ಯರು ಮತ್ತು ಇದನ್ನೇ ಸೇವಾ ಉದ್ದಿಮೆಯಾಗಿ ಆರಂಭಿಸಬಯಸುವ ಯುವಕರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಯಾವ ಬ್ರಷ್ ಒಳ್ಳೆಯದು?’ ಎಂಬುದು. ನಮ್ಮ ಸೀಮೆಯ ಮಟ್ಟಿಗೆ ಮೊದಲ ಪ್ರಶ್ನೆ ಅದಾಗಬಾರದು. ನೀರು ಯಾವುದು, ಗಾಜು ಎಂಥದು ಎಂಬುದು ತಿಳಿದ ಮೇಲೆಯೇ ಬ್ರಷ್ ಮತ್ತು ಜೆಟ್‌ಗಳ ಆಯ್ಕೆಗೆ ಅರ್ಥ ಬರುತ್ತದೆ.

ಮೊದಲು ನೀರಿನ ಪರೀಕ್ಷೆ

ಈ ವಿಧಾನದಲ್ಲಿ ತೊಳೆದ ಗಾಜನ್ನು ಒರೆಸುವುದಿಲ್ಲ. ತಾನಾಗಿ ಒಣಗಲು ಬಿಡಲಾಗುತ್ತದೆ. ಆದ್ದರಿಂದ ನೀರಿನಲ್ಲಿ ಕರಗಿರುವ ಲವಣವೆಲ್ಲ ಗಾಜಿನ ಮೇಲೆ ಉಳಿಯುತ್ತದೆ. ಲೀಟರಿಗೆ 1000 ಮಿಲಿಗ್ರಾಂ ಲವಣವಿರುವ ಕೊಳವೆಬಾವಿಯ ನೀರು 50 ಮಿಲಿಲೀಟರಿನಷ್ಟು ಒಂದು ಗಾಜಿನ ಮೇಲೆ ನಿಂತು ಒಣಗಿದರೆ 50 ಮಿಲಿಗ್ರಾಂ ಬಿಳಿ ಪುಡಿ ಉಳಿಯುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಲ್ಲಿ 2000ದವರೆಗೆ ಅನುಮತಿ ಇದೆ. ಗಾಜು ತೊಳೆಯುವವರು ಇಟ್ಟುಕೊಂಡಿರುವ ಮಿತಿಯಾದರೋ ಕೇವಲ 10. ಕುಡಿಯಲು ಯೋಗ್ಯವಾದ ನೀರು ಗಾಜಿಗೆ ಯೋಗ್ಯವಲ್ಲವೆಂಬುದು ವಿಚಿತ್ರವೆನಿಸಿದರೂ ಸತ್ಯ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ಸೇರಿಸುತ್ತದೆಯೇ ಹೊರತು ಒಟ್ಟು ಲವಣವನ್ನು ಕಡಿಮೆ ಮಾಡುವುದಿಲ್ಲ; ಕಲೆ ಉಳಿಯುತ್ತದೆ. ಇನ್ನು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದರಾಯಿತು ಎಂಬ ವಿಚಾರ. ಆ ನೀರು ಸಾಮಾನ್ಯವಾಗಿ 10ರ ಮಿತಿಗೆ ಇಳಿದಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೇಸಿಗೆಯಲ್ಲಿ ಜನ ಸಾಲು ನಿಂತು ಒಯ್ಯುವ ನೀರನ್ನು ಗಾಜಿಗೆ ಸುರಿಯುವುದು ನ್ಯಾಯವೂ ಅಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತೆಂಬುದನ್ನು ನಾವು ಮರೆಯುವಂತಿಲ್ಲ.

ಸರಿಯಾದ ಕ್ರಮವೆಂದರೆ ಆರ್‌ಓ ಘಟಕ, ಅದರ ನಂತರ ಅಯಾನುಗಳನ್ನು ಹೀರುವ ರೆಸಿನ್ ಕೊಳವೆ. ರೆಸಿನ್ ದುಬಾರಿ ವಸ್ತು. ಒಳಬರುವ ಲವಣ ಇಪ್ಪತ್ತು ಪಟ್ಟು ಕಡಿಮೆಯಾದರೆ ಅದರ ಬಾಳಿಕೆ ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆ. ಆರ್‌ಓ ಮಾತ್ರ ಒಳಬಂದ ನೀರಿನ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಹೊರಚೆಲ್ಲುತ್ತದೆ. ಆ ನೀರನ್ನು ನೆಲ ತೊಳೆಯಲು, ಶೌಚಾಲಯಕ್ಕೆ ತಿರುಗಿಸಬೇಕು. ಇದಕ್ಕಿಂತ ಉತ್ತಮ ಮೂಲ ಮಳೆನೀರು. ಅದರಲ್ಲಿ ಲವಣ ಅತ್ಯಲ್ಪ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದು ಶೇಕಡಾ 80ರಷ್ಟು ಸಂಗ್ರಹವಾದರೆ 48,000 ಲೀಟರ್ ದೊರೆಯುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದುದನ್ನು ಸೋಸಿ ರೆಸಿನ್ ಮೂಲಕ ಹಾಯಿಸಿದರೆ ಸಾಕು.

ಬ್ರಷ್ಷಿನ ಆಯ್ಕೆ

ಬ್ರಷ್ಷಿನ ಕೂದಲು ಮುಖ್ಯವಾಗಿ ಮೂರು ಬಗೆಯದು. ನೈಲಾನ್ ಕೂದಲು ಸ್ವಲ್ಪ ನೀರು ಹೀರಿ ಮೆತ್ತಗಾಗುತ್ತದೆ. ನಿಯಮಿತವಾಗಿ ತೊಳೆಯುವ ಗಾಜಿಗೆ ಯೋಗ್ಯ. ಪಾಲಿಯೆಸ್ಟರ್ ಜಾತಿಯ ಪಿಬಿಟಿ ಕೂದಲು ನೀರು ಹೀರುವುದು ಬಹಳ ಕಡಿಮೆ. ದಿನವಿಡೀ ಒದ್ದೆಯಿದ್ದರೂ ಬಿಗಿ ಉಳಿಸಿಕೊಳ್ಳುತ್ತದೆ. ಹಂದಿಯ ಕೂದಲು ಒಣಗಿ ಅಂಟಿದ ಹಕ್ಕಿಯ ಹಿಕ್ಕೆ, ಹಳೆಯ ಕೆಸರನ್ನು ಎಬ್ಬಿಸುವುದರಲ್ಲಿ ಹೆಸರುವಾಸಿಯಾದರೂ ನೀರು ಹೀರಿ ಭಾರವಾಗುತ್ತದೆ, ಬೇಗ ಸವೆಯುತ್ತದೆ. ಧಾರ್ಮಿಕ ಸಂಸ್ಥೆಗಳು ಹಾಗೂ ಕೆಲವು ಗ್ರಾಹಕರು ಅದನ್ನು ಒಪ್ಪದಿರಬಹುದು. ಮೊದಲೇ ತಿಳಿಸುವುದು ವ್ಯಾಪಾರಧರ್ಮ.

ಕೂದಲಿನ ತುದಿಯನ್ನೂ ಗಮನಿಸಬೇಕು. ತುದಿ ಸೀಳಿದ ಕೂದಲು ಹೆಚ್ಚು ನೀರು ಹಿಡಿದು ಗಾಜಿನ ಮೇಲೆ ಸಲೀಸಾಗಿ ಜಾರುತ್ತದೆ. ಆದರೆ ನಮ್ಮ ಕೆಂಪು ಮಣ್ಣು ಆ ಸೀಳುಗಳಲ್ಲಿ ಸೇರಿಕೊಳ್ಳುತ್ತದೆ. ಮಣ್ಣಿನ ಕಣ ಸಿಕ್ಕಿಕೊಂಡ ಬ್ರಷ್ ಮರಳುಕಾಗದದಂತೆ ಗೀರು ಹಾಕಬಲ್ಲದು. ಆದುದರಿಂದ ವರ್ಷಕ್ಕೊಮ್ಮೆ ತೊಳೆಯುವ, ಮಣ್ಣು ದಪ್ಪಗಟ್ಟಿದ ಗಾಜಿಗೆ ಸೀಳದ ಕೂದಲಿನ ಬ್ರಷ್ಷೇ ಲೇಸು. ಉಜ್ಜುವ ಮೊದಲು ಬರಿಯ ನೀರಿನಿಂದ ಧೂಳನ್ನು ಇಳಿಸಬೇಕು. ಬ್ರಷ್ಷನ್ನು ಆಗಾಗ ತೊಳೆಯಬೇಕು.

ಗಾತ್ರದ ವಿಷಯದಲ್ಲಿ ದೊಡ್ಡದೇ ಒಳ್ಳೆಯದೆಂಬ ಭ್ರಮೆ ಬೇಡ. 8 ಮೀಟರ್ ಕೋಲಿನ ತುದಿಯಲ್ಲಿ 200 ಗ್ರಾಂ ಹೆಚ್ಚಿನ ಭಾರವೆಂದರೆ, ಕೋಲು ಅಡ್ಡಲಾದಾಗ, ಒಂದು ಮೀಟರ್ ದೂರದಲ್ಲಿ 1.6 ಕಿಲೋಗ್ರಾಂ ಹಿಡಿದಷ್ಟು ಹೊರೆ. ಸಂಜೆಯ ಹೊತ್ತಿಗೆ ಅದು ಕಾರ್ಮಿಕನ ಭುಜಕ್ಕೆ ತಿಳಿಯುತ್ತದೆ. ಎರಡು ಮೂರು ಅಂತಸ್ತಿನ ಕಟ್ಟಡಗಳಿಗೆ 25ರಿಂದ 35 ಸೆಂಟಿಮೀಟರ್ ಅಗಲ ಸಾಕು.

ಜೆಟ್‌ಗಳ ಆಯ್ಕೆ

ಜೆಟ್‌ಗಳಲ್ಲಿ ಪ್ರಧಾನವಾಗಿ ಎರಡು ಬಗೆ: ಸಣ್ಣ ಧಾರೆಯಾಗಿ ಚಿಮ್ಮುವ ಪೆನ್ಸಿಲ್ ಜೆಟ್ ಮತ್ತು ಬೀಸಣಿಗೆಯಂತೆ ಹರಡುವ ಫ್ಯಾನ್ ಜೆಟ್. ಆಯ್ಕೆಗೆ ಗಾಜಿನ ಸ್ವಭಾವವೇ ಆಧಾರ. ನೀರು ಸುರಿದಾಗ ಹಾಳೆಯಂತೆ ಹರಡಿ ಇಳಿಯುವ ಗಾಜಿಗೆ ಪೆನ್ಸಿಲ್ ಜೆಟ್ ಸಾಕು. ನೀರು ತಾನೇ ಹರಡಿ ಕೊಳೆಯನ್ನು ಒಯ್ಯುತ್ತದೆ. ನೀರು ಹನಿಹನಿಯಾಗಿ ಮುತ್ತುಗಟ್ಟುವ ಗಾಜಿಗೆ ಫ್ಯಾನ್ ಜೆಟ್ ಬೇಕು. ಇಲ್ಲವಾದರೆ ಧಾರೆಗಳ ನಡುವಿನ ಪಟ್ಟಿಗಳು ತೊಳೆಯದೆ ಉಳಿಯುತ್ತವೆ. ಒಂದು ಲೋಟ ನೀರು ಸುರಿದು ನೋಡಿದರೆ ಯಾವ ಗಾಜು ಯಾವ ಬಗೆಯದೆಂದು ತಿಳಿಯುತ್ತದೆ. ಫ್ಯಾನ್ ಜೆಟ್ಟಿಗೆ ಎರಡು ಮಿತಿಗಳಿವೆ: ನೀರಿನ ಹರಿವು ಕಡಿಮೆಯಾದರೆ ಬೀಸಣಿಗೆ ಮುದುಡುತ್ತದೆ, ಗಾಳಿಯಲ್ಲಿ ಅದರ ತುಂತುರು ಚೆದುರುತ್ತದೆ. ಬಯಲುಸೀಮೆಯ ಆಷಾಢದ ಗಾಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಜೆಟ್‌ಗಳ ಸಂಖ್ಯೆ ಹೆಚ್ಚಿದಷ್ಟೂ ತೊಳೆಯುವ ಶಕ್ತಿ ಹೆಚ್ಚೆಂಬುದು ಸರಿಯಲ್ಲ. ಪಂಪು ನಿಮಿಷಕ್ಕೆ ಒಂದೂವರೆ ಲೀಟರ್ ನೀಡುತ್ತದೆ ಎಂದಿಟ್ಟುಕೊಳ್ಳೋಣ. 2 ಮಿಲಿಮೀಟರ್ ರಂಧ್ರದ ಎರಡು ಜೆಟ್‌ಗಳಿದ್ದರೆ ನೀರು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂಥವೇ ನಾಲ್ಕು ಜೆಟ್‌ಗಳಾದರೆ ವೇಗ 2 ಮೀಟರಿಗೆ ಇಳಿಯುತ್ತದೆ. ರಂಧ್ರವನ್ನು 1.4 ಮಿಲಿಮೀಟರಿಗೆ ಕಿರಿದುಗೊಳಿಸಿದರೆ ಎರಡು ಜೆಟ್‌ಗಳಿಂದಲೇ ಸುಮಾರು 8 ಮೀಟರ್ ವೇಗ ದೊರೆಯುತ್ತದೆ. ನೀರು ಅಷ್ಟೇ, ಪಂಪಿನ ಒತ್ತಡ ಮಾತ್ರ ಹೆಚ್ಚಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಕಳೆಯುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀರು ದುರ್ಲಭವಾದ ಕಡೆ ಕಿರಿದಾದ ಎರಡು ಜೆಟ್‌ಗಳೇ ಉಳಿತಾಯದ ಮಾರ್ಗ. ನಿಮಿಷಕ್ಕೆ ಒಂದೂವರೆ ಲೀಟರಿನಂತೆ ದಿನಕ್ಕೆ ಐದು ಗಂಟೆ ನೀರು ಹರಿಸಿದರೆ 450 ಲೀಟರ್ ಖರ್ಚು. ಕಿರಿದಾದ ರಂಧ್ರ ಬೇಗ ಕಟ್ಟಿಕೊಳ್ಳುವುದರಿಂದ ಪಂಪಿಗೆ ಜಾಲರಿ ಅಗತ್ಯ. ಸುಣ್ಣ ಕಟ್ಟಿದರೆ ನಿಂಬೆಹುಳಿಯ ದ್ರಾವಣದಲ್ಲಿ ನೆನೆಸಿ ತೆಗೆಯಬೇಕು.

ಸೌರಫಲಕಗಳಿಗೆ ವಿಶೇಷ ಎಚ್ಚರಿಕೆ

ಫಲಕದ ಗಾಜಿನ ಮೇಲೆ ಪ್ರತಿಫಲನ ತಡೆಯುವ ತೆಳುಲೇಪನವಿರುವುದು ಸಾಮಾನ್ಯ. ಆದ್ದರಿಂದ ಮೃದುವಾದ ನೈಲಾನ್ ಬ್ರಷ್ ಮಾತ್ರ ಬಳಸಬೇಕು. ಅಧಿಕ ಒತ್ತಡದ ವಾಷರ್ ಸಲ್ಲದು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯವಿದೆ. ಬೆಳಗಿನ ಜಾವವೇ ಸೂಕ್ತ. ಇನ್ವರ್ಟರ್ ಆರಿಸಿದರೂ ಬೆಳಕಿರುವವರೆಗೆ ಫಲಕಗಳಲ್ಲಿ ವಿದ್ಯುತ್ತಿರುತ್ತದೆ. ಬಿರುಕುಬಿಟ್ಟ ಫಲಕಕ್ಕೆ ನೀರು ಹಾಯಿಸಬಾರದು.

ಇಲ್ಲಿ ಒಂದು ಲೀಟರಿನ ಬೆಲೆ ಏನೆಂಬುದಕ್ಕೆ ಪಾವಗಡದ ಸೌರ ಉದ್ಯಾನವೇ ಉದಾಹರಣೆ. ಸುಮಾರು 13,000 ಎಕರೆಯಲ್ಲಿ ಹರಡಿರುವ ಅದರ ಸಾಮರ್ಥ್ಯ 2050 ಮೆಗಾವ್ಯಾಟ್. ಒಂದು ಫಲಕ 330 ವ್ಯಾಟ್ ಎಂದು ಹಿಡಿದರೆ ಸುಮಾರು 62 ಲಕ್ಷ ಫಲಕಗಳಾಗುತ್ತವೆ. ಪ್ರತಿ ಫಲಕಕ್ಕೆ ಒಂದೇ ಲೀಟರ್ ಉಳಿಸಿದರೂ ಒಂದು ಸುತ್ತಿಗೆ 62 ಲಕ್ಷ ಲೀಟರ್ ಉಳಿತಾಯ. ನಮ್ಮ ತಾರಸಿಯ ಲೆಕ್ಕ ಚಿಕ್ಕದಿರಬಹುದು, ನ್ಯಾಯ ಅದೇ.

ಕೊಳ್ಳುವ ಮುನ್ನ

1. ಕೆಲವು ನೂರು ರೂಪಾಯಿಗೆ ದೊರೆಯುವ ಟಿಡಿಎಸ್ ಮಾಪಕದಿಂದ ನೀರನ್ನು ಅಳೆಯಿರಿ.
2. ಹೊರಗಡೆ ಕಬ್ಬಿಣದ ಗ್ರಿಲ್ ಇರುವ ಕಿಟಕಿಗಳಿಗೆ ಈ ಉಪಕರಣ ಒದಗುವುದಿಲ್ಲ. ತೆರೆದ, ಸ್ಥಿರ ಗಾಜು ಎಷ್ಟಿದೆಯೆಂದು ಎಣಿಸಿ.
3. ಒಂದೇ ಮಧ್ಯಮ ಗಾತ್ರದ ಬ್ರಷ್ ಕೊಂಡು, ಬದಲಾಯಿಸಬಹುದಾದ ಎರಡು ಜೊತೆ ಜೆಟ್‌ಗಳನ್ನು ಇಟ್ಟುಕೊಳ್ಳಿ.
4. ಕಟ್ಟಡದ ಮುಂದೆ ಹಾದುಹೋಗುವ ವಿದ್ಯುತ್ ತಂತಿಗಳನ್ನು ಗುರುತಿಸಿ. ಕಾರ್ಬನ್ ಫೈಬರ್ ಕೋಲು ವಿದ್ಯುದ್ವಾಹಕ. ಒದ್ದೆಯಾದ ಯಾವ ಕೋಲೂ ಸುರಕ್ಷಿತವಲ್ಲ. ತಂತಿ ಸಮೀಪವಿದ್ದರೆ ಕೆಲಸವನ್ನೇ ಕೈಬಿಡಿ.
5. ಮೊದಲು ಚೌಕಟ್ಟು, ನಂತರ ಗಾಜು ತೊಳೆಯಿರಿ. ಚೌಕಟ್ಟಿನ ಕೊಳೆ ತಡವಾಗಿ ಇಳಿದು ಗಾಜನ್ನು ಮತ್ತೆ ಕೆಡಿಸುತ್ತದೆ.

ಏಣಿಯಿಂದ ಕಾರ್ಮಿಕನನ್ನು ಕೆಳಗಿಳಿಸುವುದು ಈ ಉಪಕರಣದ ಮೊದಲ ಪ್ರಯೋಜನ. ನೀರನ್ನು ಅರಿತು ಬ್ರಷ್ ಮತ್ತು ಜೆಟ್ ಆರಿಸಿದ ಉದ್ದಿಮೆದಾರನಿಗೆ ಉಳಿದ ಪ್ರಯೋಜನಗಳೂ ದೊರೆಯುತ್ತವೆ. ನೀರಿನ ಪರೀಕ್ಷೆಯನ್ನು ಬಿಟ್ಟು ದುಬಾರಿ ಬ್ರಷ್ ತಂದವನಿಗೆ ಮಾತ್ರ ಗಾಜಿನ ಮೇಲಿನ ಬಿಳಿ ಕಲೆಗಳೇ ರಸೀದಿಯಾಗುತ್ತವೆ.