ಮೆರೂನ್ ಟೋಪಿಗೆ ಅರ್ಜಿ ನಮೂನೆ ಇಲ್ಲ

ಕಳೆದ ವಾರ ಕ್ಯಾಂಟೀನಿನಲ್ಲಿ ಪ್ರಥಮ ಪಿಯುಸಿಯ ಇಬ್ಬರು ತಮ್ಮಂದಿರು ನನ್ನ ಬಳಿ ಬಂದು, "ಅಣ್ಣಾ, ಪ್ಯಾರಾ ಕಮಾಂಡೋ ಆಗೋಕೆ ಯಾವ ವೆಬ್‌ಸೈಟಲ್ಲಿ ಅರ್ಜಿ ಹಾಕ್ಬೇಕು?" ಎಂದು ಕೇಳಿದರು. ಎರಡು ವರ್ಷದ ಹಿಂದೆ ನಾನೂ ನಮ್ಮ ಎನ್‌ಸಿಸಿ ಸರ್ ಬಳಿ ಇದೇ ಪ್ರಶ್ನೆ ಕೇಳಿದ್ದೆ. ಆಗ ಅವರು ನಕ್ಕು, "ಅಂಥ ಅರ್ಜಿಯೇ ಇಲ್ಲ ಕಣೋ" ಎಂದಿದ್ದರು. ಅವರ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಈ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಪರೀಕ್ಷೆ ಬರೆದು, ಫಲಿತಾಂಶದ ಪಟ್ಟಿಯಲ್ಲಿ ನನ್ನ ನಂಬರ್ ಇಲ್ಲವೆಂದು ತಿಳಿದ ಮೇಲೆ. ನಾನು ಎಡವಿದ ಕಡೆ ನೀವು ಎಡವಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಯಾವುವು ಈ ಪಡೆಗಳು?

ನಮ್ಮ ದೇಶದ ಮೂರೂ ಸೇನೆಗಳಿಗೆ ತಮ್ಮದೇ ವಿಶೇಷ ಪಡೆಗಳಿವೆ. ಭೂಸೇನೆಯದು ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆ, ಅಂದರೆ ಪ್ಯಾರಾ ಎಸ್‌ಎಫ್. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಅವರು ಸ್ವಯಂಪ್ರೇರಿತ ಸೈನಿಕರನ್ನು ಸೇರಿಸಿ ಕಟ್ಟಿದ 'ಮೇಘದೂತ್ ಪಡೆ' ಇದರ ಬೀಜ. ಆ ಅನುಭವದ ಮೇಲೆ 1966ರಲ್ಲಿ 9 ಪ್ಯಾರಾ ಕಮಾಂಡೋ ಬೆಟಾಲಿಯನ್ ಹುಟ್ಟಿತು, ಮರುವರ್ಷ 10 ಪ್ಯಾರಾ. ಮೊದಲನೆಯದು ಬೆಟ್ಟದ ಯುದ್ಧಕ್ಕೆ, ಎರಡನೆಯದು ಮರುಭೂಮಿಗೆ ಹೆಸರಾಯಿತು. 2016ರ ಸೆಪ್ಟೆಂಬರ್ ಕೊನೆಯಲ್ಲಿ ಗಡಿ ನಿಯಂತ್ರಣ ರೇಖೆ ದಾಟಿ ನಡೆದ ಸರ್ಜಿಕಲ್ ಸ್ಟ್ರೈಕ್‌ನಲ್ಲಿ ಇದ್ದವರು 4 ಮತ್ತು 9 ಪ್ಯಾರಾದ ಯೋಧರು. ಮೆರೂನ್ ಬಣ್ಣದ ಟೋಪಿ ಇಡೀ ರೆಜಿಮೆಂಟಿನದು. ಎದೆಯ ಮೇಲಿನ 'ಬಲಿದಾನ' ಬ್ಯಾಡ್ಜ್ ಎಸ್‌ಎಫ್‌ನವರಿಗೆ ಮಾತ್ರ.

ನೌಕಾಪಡೆಯದು ಮಾರ್ಕೋಸ್. 1987ರಲ್ಲಿ ಆರಂಭವಾಯಿತು. ಮುಂಬೈನ ಐಎನ್‌ಎಸ್ ಅಭಿಮನ್ಯು ಇವರ ಪ್ರಮುಖ ನೆಲೆ. 2024ರ ಮಾರ್ಚ್‌ನಲ್ಲಿ ಅಪಹರಣವಾಗಿದ್ದ 'ರುಯೆನ್' ಹಡಗನ್ನು ನೌಕಾಪಡೆ ಬಿಡಿಸಿತು. ಆಗ ವಾಯುಪಡೆಯ ಸಿ-17 ವಿಮಾನದಿಂದ ಮಾರ್ಕೋಸ್ ಕಮಾಂಡೋಗಳು ದೋಣಿಗಳ ಸಮೇತ ಅರಬ್ಬಿ ಸಮುದ್ರಕ್ಕೆ ಇಳಿದಿದ್ದರು. ಹಡಗಿನ 17 ಮಂದಿ ಸಿಬ್ಬಂದಿ ಜೀವಂತ ಹೊರಬಂದರು. ವಾಯುಪಡೆಯದು ಗರುಡ್, 2004ರಲ್ಲಿ ಕಟ್ಟಿದ್ದು. ಕಾಶ್ಮೀರದಲ್ಲಿ 2017ರಲ್ಲಿ ಹುತಾತ್ಮರಾದ ಗರುಡ್ ಕಾರ್ಪೊರಲ್ ಜ್ಯೋತಿ ಪ್ರಕಾಶ್ ನಿರಾಲಾ ಅವರಿಗೆ ಅಶೋಕ ಚಕ್ರ ಸಂದಿದೆ.

ಎನ್‌ಎಸ್‌ಜಿ, ಅಂದರೆ ಕಪ್ಪು ಬೆಕ್ಕುಗಳ ಪಡೆ, ಇವುಗಳಿಗಿಂತ ಬೇರೆ. ಅದು ಗೃಹ ಸಚಿವಾಲಯದ ಅಡಿಯಲ್ಲಿದೆ. ಅಲ್ಲಿಗೆ ಸೇನೆಯಿಂದಲೂ ಅರೆಸೇನಾ ಪಡೆಗಳಿಂದಲೂ ನಿಯೋಜನೆ ಮೇಲೆ ಹೋಗುತ್ತಾರೆ. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮೂಲತಃ ಬಿಹಾರ ರೆಜಿಮೆಂಟಿನ ಅಧಿಕಾರಿ. ಎನ್‌ಡಿಎಯಲ್ಲಿ ಓದಿ, ರೆಜಿಮೆಂಟಿನಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಎನ್‌ಎಸ್‌ಜಿಗೆ ಹೋದವರು.

ಮೊದಲು ಸೈನಿಕ, ಆಮೇಲೆ ಕಮಾಂಡೋ

ಸಂದೀಪ್ ಅವರ ದಾರಿಯಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಪಿಯುಸಿ ಮುಗಿಸಿದ ಹುಡುಗ 'ಕಮಾಂಡೋ' ಹುದ್ದೆಗೆ ಅರ್ಜಿ ಹಾಕಲಾಗದು. ಮೊದಲು ಅಧಿಕಾರಿಯಾಗಿಯೋ ಸೈನಿಕನಾಗಿಯೋ ಸೇನೆ ಸೇರಬೇಕು. ಆಮೇಲೆ ತಾನಾಗಿ ಮುಂದೆ ಬಂದು "ನಾನು ಹೋಗುತ್ತೇನೆ" ಎನ್ನಬೇಕು. ಒತ್ತಾಯದಿಂದ ಯಾರನ್ನೂ ಅಲ್ಲಿಗೆ ಕಳಿಸುವುದಿಲ್ಲ.

ಹಾಗೆ ಬಂದವರಿಗೆ ಪ್ರೊಬೇಷನ್ ಇರುತ್ತದೆ. ಬೆನ್ನಿಗೆ ಭಾರ ಹೊತ್ತು ಹತ್ತಾರು ಕಿಲೋಮೀಟರ್ ನಡಿಗೆ ಮತ್ತು ಓಟ, ನಿದ್ದೆಯಿಲ್ಲದ ರಾತ್ರಿಗಳು, ಆ ಸುಸ್ತಿನ ನಡುವೆಯೇ ಲೆಕ್ಕ, ನಕ್ಷೆ, ನೆನಪಿನ ಪರೀಕ್ಷೆಗಳು. ದೇಹ ಸೋತಾಗಲೂ ತಲೆ ಕೆಲಸ ಮಾಡುತ್ತದೆಯೇ, ಪಕ್ಕದವನನ್ನು ಬಿಟ್ಟು ಓಡುತ್ತಾನೆಯೇ ಎಂದು ನೋಡುವುದೇ ಇದರ ಉದ್ದೇಶ. ಬಂದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಹಾಗೆಂದು ಅವರ ನೌಕರಿ ಹೋಗುವುದಿಲ್ಲ, ತಮ್ಮ ಹಳೆಯ ಘಟಕಕ್ಕೆ ಮರಳಿ ಅಲ್ಲಿ ಗೌರವದಿಂದ ಸೇವೆ ಮುಂದುವರಿಸುತ್ತಾರೆ. ಉಳಿದವರು ಆಗ್ರಾದ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಯಲ್ಲಿ ವಿಮಾನದಿಂದ ಐದು ಜಿಗಿತ ಪೂರೈಸಿ 'ರೆಕ್ಕೆ' ಪಡೆಯುತ್ತಾರೆ. ಮುಂದೆ ಡೈವಿಂಗ್, ಸ್ಫೋಟಕ, ವೈದ್ಯಕೀಯ, ಸಂವಹನ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪರಿಣತಿ. ಮಿಜೋರಾಮಿನ ವೈರೆಂಗ್ಟೆಯಲ್ಲಿ ಕಾಡಿನ ಯುದ್ಧದ ಶಾಲೆಯಿದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಂತೂ ನಮ್ಮ ಬೆಂಗಳೂರಿನಲ್ಲೇ ಇದೆ. ಇದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ನಮಗಿರುವ ಎರಡು ಬಾಗಿಲು

ಪಿಯುಸಿ ನಂತರ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಎನ್‌ಡಿಎ, ಅಧಿಕಾರಿಯಾಗುವ ದಾರಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ಕೋರ್ಸ್ ಆರಂಭವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು, ಮದುವೆಯಾಗಿರಬಾರದು. ದ್ವಿತೀಯ ಪಿಯುಸಿ ಓದುತ್ತಿರುವವರೂ ಬರೆಯಬಹುದು. ಭೂಸೇನಾ ವಿಭಾಗಕ್ಕೆ ಕಲೆ, ವಾಣಿಜ್ಯದವರೂ ಅರ್ಹರು. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆಯ್ಕೆಯಾದರೆ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಭೂಸೇನೆಯವರಿಗೆ ಡೆಹ್ರಾಡೂನಿನಲ್ಲಿ ಒಂದು ವರ್ಷ. ತರಬೇತಿಯ ಖರ್ಚು ಸರ್ಕಾರದ್ದು. ಡೊನೇಷನ್ ಕಟ್ಟಿ ಎಂಜಿನಿಯರಿಂಗ್ ಓದಿಸಲಾಗದ ಮನೆಗಳಿಗೆ ಇದು ಸಣ್ಣ ಮಾತಲ್ಲ. ತಂಗಿಯರೇ, 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಈ ಬಾಗಿಲು ನಿಮಗೂ ತೆರೆದಿದೆ. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಹೆಣ್ಣುಮಕ್ಕಳು ತೇರ್ಗಡೆಯಾಗಿ ಹೊರಬಂದರು.

ಎರಡನೆಯದು ಅಗ್ನಿವೀರ್. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸಾಮಾನ್ಯ ಸೈನಿಕ ಹುದ್ದೆಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಅಂಕ ಬೇಕು. ಹದಿನೇಳೂವರೆ ವರ್ಷ ತುಂಬಿರಬೇಕು. ಮೊದಲು ಕಂಪ್ಯೂಟರ್ ಪರೀಕ್ಷೆ, ಆಮೇಲೆ 1.6 ಕಿ.ಮೀ. ಓಟ, ಪುಲ್‌ಅಪ್, ವೈದ್ಯಕೀಯ ತಪಾಸಣೆ. ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಎನ್‌ಸಿಸಿ ಪ್ರಮಾಣಪತ್ರಕ್ಕೆ ಬೋನಸ್ ಅಂಕ ಇದೆ. ಬೆಂಗಳೂರಿನ ಪ್ಯಾರಾಶೂಟ್ ಕೇಂದ್ರದಲ್ಲೂ ಅಗ್ನಿವೀರರು ತರಬೇತಿ ಪಡೆಯುತ್ತಿದ್ದಾರೆ. ಆದರೆ ಒಂದು ವಿಷಯವನ್ನು ಮನೆಯವರ ಜೊತೆ ಕೂತು ಮಾತಾಡಿಕೊಳ್ಳಿ: ಇದು ನಾಲ್ಕು ವರ್ಷದ ಸೇವೆ. ಆಮೇಲೆ ಕಾಯಂ ಆಗುವವರು ಶೇ. 25ರವರೆಗೆ ಮಾತ್ರ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿಯೊಂದಿಗೆ ಹೊರಬರುತ್ತಾರೆ.

ನಾನು ಎಡವಿದ್ದು ಎಲ್ಲಿ

ಫಜ್ರ್ ನಮಾಜ್ ಮುಗಿಸಿ ದಿನವೂ ಮೈದಾನಕ್ಕೆ ಹೋಗಿ ಓಡುತ್ತಿದ್ದೆ. ನಾಲ್ಕು ತಿಂಗಳು ತಪ್ಪಿಸಲಿಲ್ಲ. ಪುಲ್‌ಅಪ್ ಮೂರರಿಂದ ಹನ್ನೊಂದಕ್ಕೆ ಏರಿತು. ಮೊಬೈಲಿನಲ್ಲಿ ಕಮಾಂಡೋ ವಿಡಿಯೋ ನೋಡುವುದೂ ತಯಾರಿ ಎಂದುಕೊಂಡಿದ್ದೆ. ಆದರೆ ಎನ್‌ಡಿಎಯ ಲಿಖಿತ ಪರೀಕ್ಷೆಯಲ್ಲಿ ಯಾರೂ ನಮ್ಮನ್ನು ಓಡಿಸುವುದಿಲ್ಲ. ಅಲ್ಲಿರುವುದು 300 ಅಂಕದ ಗಣಿತ, 600 ಅಂಕದ ಸಾಮಾನ್ಯ ಸಾಮರ್ಥ್ಯ ಪರೀಕ್ಷೆ. ಎರಡನೆಯದರಲ್ಲಿ 200 ಅಂಕ ಇಂಗ್ಲಿಷಿಗೇ ಮೀಸಲು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ.

ಗಣಿತದಲ್ಲಿ 120 ಪ್ರಶ್ನೆ, ಸರಿಯಾದರೆ ಎರಡೂವರೆ ಅಂಕ, ತಪ್ಪಾದರೆ 0.83 ಕಡಿತ. ನಾನು 70 ಪ್ರಶ್ನೆಗೆ ಗುರುತು ಹಾಕಿದ್ದೆ. ಮನೆಗೆ ಬಂದು ತಾಳೆ ನೋಡಿದಾಗ 30 ಮಾತ್ರ ಸರಿ. 75 ಅಂಕ ಬರಬೇಕಾದಲ್ಲಿ 40 ತಪ್ಪುಗಳು 33 ಅಂಕವನ್ನು ತಿಂದುಹಾಕಿದ್ದವು. ಗೊತ್ತಿರುವ ಮೂವತ್ತನ್ನಷ್ಟೇ ಬರೆದಿದ್ದರೂ ಹೆಚ್ಚು ಅಂಕ ಬರುತ್ತಿತ್ತು. ಗೊತ್ತಿಲ್ಲದ್ದನ್ನು ಬಿಡುವುದೂ ಒಂದು ಶಿಸ್ತು ಎಂದು ಆ ದಿನ ಕಲಿತೆ.

ಲಿಖಿತದಲ್ಲಿ ಪಾಸಾದವರಿಗೆ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ. ಅದಕ್ಕೂ 900 ಅಂಕ. ಅದರ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿದೆ. ಮೊದಲ ದಿನವೇ ಒಂದು ಚಿತ್ರ ತೋರಿಸಿ ಕಥೆ ಬರೆಸಿ ಗುಂಪಿನಲ್ಲಿ ಚರ್ಚಿಸಲು ಹೇಳುತ್ತಾರೆ. ಅಲ್ಲೇ ಬಹಳ ಜನ ವಾಪಸಾಗುತ್ತಾರೆ. ಉಳಿದವರಿಗೆ 60 ಪದಗಳ ಪರೀಕ್ಷೆ, ಪ್ರತಿ ಪದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ. ಆಮೇಲೆ ಮೈದಾನದಲ್ಲಿ ಹಗ್ಗ, ಹಲಗೆ, ಡ್ರಮ್ಮು ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುತ್ತಾರೆ. ಜೋರಾಗಿ ಕೂಗಾಡುವವನು ಅಲ್ಲಿ ನಾಯಕನಲ್ಲ. ಎಲ್ಲರನ್ನೂ ಆಚೆ ದಡಕ್ಕೆ ಮುಟ್ಟಿಸುವವನು ನಾಯಕ.

ನಮ್ಮಲ್ಲಿ ಕೇಳುವ ಪ್ರಶ್ನೆ

ಇನ್ನೊಂದು ಮಾತನ್ನು ಬಿಟ್ಟು ಹೋದರೆ ಈ ಲೇಖನ ಅರ್ಧವಾದಂತೆ. "ನಮ್ಮವರನ್ನು ಅಲ್ಲಿ ತಗೋತಾರಾ?" ಎಂದು ನನ್ನ ಗೆಳೆಯನೊಬ್ಬ ಕೇಳಿದ. ಮಸೀದಿ ಮೆಟ್ಟಿಲ ಮೇಲೆ, ಮದುವೆ ಮನೆಯಲ್ಲಿ ಇದೇ ಪ್ರಶ್ನೆ ಕೇಳಿದ್ದೇನೆ. ನಾನು ಅವನಿಗೆ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಕಥೆ ಹೇಳಿದೆ. ದೇಶ ವಿಭಜನೆಯಾದಾಗ ಅವರಿದ್ದ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಉಸ್ಮಾನ್ ಹೋಗಲಿಲ್ಲ, ಭಾರತದ ಸೇನೆಯಲ್ಲೇ ಉಳಿದರು. ಕಾಶ್ಮೀರ ಯುದ್ಧದಲ್ಲಿ ಅವರು ನಡೆಸಿದ್ದು 50ನೇ ಪ್ಯಾರಾಶೂಟ್ ಬ್ರಿಗೇಡನ್ನು. ಝಂಗರ್ ಕೈತಪ್ಪಿದ್ದಾಗ ಅದನ್ನು ಮರಳಿ ಗೆಲ್ಲುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಶಪಥ ಮಾಡಿ ಚಳಿಯಲ್ಲಿ ನೆಲದ ಮೇಲೆ ಮಲಗಿದರು, 1948ರ ಮಾರ್ಚ್‌ನಲ್ಲಿ ಗೆದ್ದರು. ಅದೇ ವರ್ಷ ಜುಲೈ 3ರಂದು, 36 ತುಂಬುವ ಮೊದಲೇ, ಝಂಗರ್‌ನಲ್ಲೇ ಹುತಾತ್ಮರಾದರು. 'ನೌಶೇರಾದ ಸಿಂಹ' ಎಂದು ಹೆಸರಾದ ಅವರಿಗೆ ಮಹಾವೀರ ಚಕ್ರ ಸಂದಿತು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆವರಣದ ಪಕ್ಕ ಅವರ ಮಜಾರ್ ಇದೆ. 1965ರಲ್ಲಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರ ಹೆಸರು ನಿಮಗೆ ಗೊತ್ತೇ ಇದೆ. ಮೆರೂನ್ ಟೋಪಿಯ ಚರಿತ್ರೆಯಲ್ಲಿ ಉಸ್ಮಾನ್ ಅವರ ಹೆಸರೂ ಇದೆ ಎಂಬುದನ್ನು ಅದರ ಪಕ್ಕ ಬರೆದುಕೊಳ್ಳಿ.

ಹಾಗೆಂದು ಕಷ್ಟದ ಮಾತನ್ನು ಮುಚ್ಚಿಡಬಾರದು. ಸೇನೆಗೆ ತನ್ನ ನಿಯಮಗಳಿವೆ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರ ಗಡ್ಡದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ವಾಯುಪಡೆಯ ನಿಯಮವನ್ನೇ ಎತ್ತಿಹಿಡಿಯಿತು. ಹೋಗುವವರು ಇದನ್ನು ಮೊದಲೇ ತಿಳಿದು, ಮನೆಯಲ್ಲಿ ಮಾತಾಡಿ, ಮನಸ್ಸು ಗಟ್ಟಿ ಮಾಡಿಕೊಂಡು ಹೋಗಬೇಕು. ಇನ್ನೊಂದು ಕಡೆ, ಸೇನೆ ಪಂಡಿತ್, ಗ್ರಂಥಿ, ಪಾದ್ರಿಗಳಂತೆ ಮೌಲ್ವಿಗಳನ್ನೂ ಧರ್ಮಗುರುಗಳಾಗಿ ನೇಮಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ಅಮ್ಮಿ ಹೇಳಿದ್ದು

ನನ್ನ ಮನೆಯಲ್ಲಿ ಅಬ್ಬಾಗೆ ಅಡ್ಡಿಯಿರಲಿಲ್ಲ. ಅಮ್ಮಿ ಮಾತ್ರ ತಿಂಗಳುಗಟ್ಟಲೆ ಮೌನವಾಗಿದ್ದಳು. ಫಲಿತಾಂಶ ಬಂದ ದಿನ ಅವಳಿಗೆ ಖುಷಿಯಾಗಿರಬಹುದು ಎಂದುಕೊಂಡೆ. ರಾತ್ರಿ ಊಟಕ್ಕೆ ಬಡಿಸುತ್ತಾ, "ಮುಂದಿನ ಪರೀಕ್ಷೆ ಯಾವಾಗ?" ಎಂದಳು. ಏಪ್ರಿಲ್‌ನಲ್ಲಿ ಎಂದೆ. "ಹೋಗೋದಾದ್ರೆ ಓದಿ ಹೋಗು. ಅರ್ಧ ಕಲಿತವನನ್ನ ಅಲ್ಲಿಗೆ ಕಳಿಸೋಕೆ ನಂಗೆ ಭಯ" ಎಂದಳು. ವಿಶೇಷ ಪಡೆಯ ತರಬೇತಿ ಯಾಕೆ ಅಷ್ಟು ಕಠಿಣ ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನಾನು ಎಲ್ಲೂ ಓದಿಲ್ಲ.

ತಮ್ಮಂದಿರೇ, ತಂಗಿಯರೇ, ಆಸೆಯಿದ್ದರೆ ಇಂದೇ ನಾಲ್ಕು ಕೆಲಸ ಮಾಡಿ. ಒಂದು, ನಮ್ಮ ಎನ್‌ಸಿಸಿಗೆ ಸೇರಿ. ಎರಡು, ಎನ್‌ಡಿಎಗಾಗಿ ಪ್ರಥಮ ಪಿಯುಸಿ ಗಣಿತವನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ, ದಿನವೂ ಒಂದು ಪುಟ ಇಂಗ್ಲಿಷ್ ಪತ್ರಿಕೆ ಓದಿ. ಮೂರು, ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಚಪ್ಪಟೆ ಪಾದ, ಒಳಬಾಗಿದ ಮೊಣಕಾಲು ಇವುಗಳನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಿ. ವರ್ಷಗಟ್ಟಲೆ ಓದಿ ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಹೊರಬೀಳುವ ನೋವು ದೊಡ್ಡದು. ನಾಲ್ಕು, ಓಟ ಬಿಡಬೇಡಿ, ಆದರೆ ಓಟವನ್ನೇ ಓದು ಎಂದುಕೊಳ್ಳಬೇಡಿ. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಅಧಿಸೂಚನೆಯನ್ನು ನೀವೇ ಓದಿ, ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕೊಟ್ಟರೆ ಭರ್ತಿ ಮಾಡಿಸುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ.

ಈಗಲೂ ಫಜ್ರ್ ನಂತರ ಮೈದಾನಕ್ಕೆ ಹೋಗುತ್ತೇನೆ. ಮೊದಲು ಒಂದು ಗಂಟೆ ಓಡುತ್ತಿದ್ದವನು ಈಗ ಅರ್ಧ ಗಂಟೆ ಓಡಿ, ಉಳಿದ ಅರ್ಧ ಗಂಟೆ ಅಲ್ಲೇ ಕಟ್ಟೆಯ ಮೇಲೆ ಕೂತು ತ್ರಿಕೋನಮಿತಿ ಬಿಡಿಸುತ್ತೇನೆ. ಏಪ್ರಿಲ್‌ನಲ್ಲಿ ಇನ್‌ಶಾ ಅಲ್ಲಾಹ್ ಮತ್ತೆ ಬರೆಯುತ್ತೇನೆ. ಜೊತೆಗೆ ಓಡಲು, ಲೆಕ್ಕ ಬಿಡಿಸಲು ಯಾರಾದರೂ ಬರುವುದಾದರೆ ಕಟ್ಟೆಯ ಮೇಲೆ ಜಾಗವಿದೆ.